ಬ್ಲಫ್‌ನ ಪವರ್‌ಹೌಸು, ಸ್ಲೈಡಿನ ಟರ್ಬೈನು

ಕಳೆದ ತಿಂಗಳು ಆಫೀಸಲ್ಲಿ ಒಂದು ಟಾಕ್ ಇತ್ತು. ಕಂಪನಿಗೆ ಹೊಸದಾಗಿ ಸಲಹೆಗಾರರಾಗಿ ಬಂದಿರುವ ದೊಡ್ಡವರೊಬ್ಬರು ತಮ್ಮ ವೃತ್ತಿಜೀವನದ ಕಥೆ ಹೇಳುವವರಿದ್ದರು. ವಿದ್ಯುತ್, ತೈಲ, ಗ್ಯಾಸ್ ಕಂಪನಿಗಳಲ್ಲಿ ಇಪ್ಪತ್ತು ವರ್ಷ 'ಡಿಜಿಟಲ್ ಟ್ರಾನ್ಸ್‌ಫರ್ಮೇಶನ್' ಮುನ್ನಡೆಸಿದವರು. ಇಪ್ಪತ್ತು ವರ್ಷ, ಐದು ಕಂಪನಿ, ಐದು ಸ್ಲೈಡು. ಪ್ರತಿ ಸ್ಲೈಡಿನಲ್ಲೂ ಒಂದು ಟರ್ಬೈನಿನ ಚಿತ್ರ, ಅದರ ಮೇಲೆ ನೀಲಿ ಗೆರೆಗಳ ಬಲೆ, ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣ. ಸಮೋಸ ಇತ್ತು, ಕಾಫಿ ಇತ್ತು, ಚಪ್ಪಾಳೆಯೂ ಇತ್ತು.

ಕೊನೆಗೆ ಪ್ರಶ್ನೆ ಕೇಳಿ ಅಂದರು. ಮೈಕು ನನ್ನ ಹತ್ತಿರವೇ ಇತ್ತು. "ಸರ್, ಈ ಐದರಲ್ಲಿ ಈಗಲೂ ಓಡ್ತಿರೋದು ಯಾವುದು?" ಅಂತ ಕೇಳಿದೆ.

ನಂಬಿ, ಕೊಂಕು ಇರಲಿಲ್ಲ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವರು ನಕ್ಕು "ಒಳ್ಳೇ ಪ್ರಶ್ನೆ" ಅಂದರು. ಆಮೇಲೆ ಕಲ್ಚರ್ ಬಗ್ಗೆ, ಮೈಂಡ್‌ಸೆಟ್ ಬಗ್ಗೆ ಐದು ನಿಮಿಷ ಮಾತಾಡಿದರು. ಉತ್ತರ ಬರಲಿಲ್ಲ. ಮಧ್ಯಾಹ್ನ ನನ್ನ ಮ್ಯಾನೇಜರ್ ಟೀಗೆ ಕರೆದ. "ಗುರು, ಎಲ್ಲಾನೂ ಮೈಕಲ್ಲಿ ಕೇಳ್ಬಾರ್ದು" ಅಂದ.

ಸರಿ, ಮೈಕಲ್ಲಿ ಬೇಡ. ಇಲ್ಲಿ ಕೇಳ್ತೀನಿ.

ಈ ಬರಹ ಆ ದೊಡ್ಡವರ ಮೇಲಲ್ಲ. ಒಳ್ಳೆಯ ಮನುಷ್ಯರೇ ಇರಬಹುದು. ನನ್ನ ತಕರಾರು ಇರೋದು ಆ ಥರದ ಕೆರಿಯರನ್ನು ನಾವು ಅಳೆಯೋ ಅಳತೆಗೋಲಿನ ಮೇಲೆ. ಕರೆಂಟಿನ ಉದ್ಯಮದಲ್ಲಿ ಒಬ್ಬ ಟೆಕ್ ನಾಯಕ ಏನು ಶುರು ಮಾಡಿದ ಅಂತ ನಾವು ಎಣಿಸ್ತೀವಿ. ಅವನು ಎದ್ದು ಹೋದ ಮೇಲೆ ಏನು ಓಡ್ತಿದೆ ಅಂತ ಎಣಿಸಬೇಕು. ನಾನು ಹೇಳಬೇಕಾಗಿರೋದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ.

ಸಾಕ್ಷಿ ನಮ್ಮೂರಿನ ಪಕ್ಕದಿಂದಲೇ ಶುರುವಾಗುತ್ತೆ. ನಾನು ಮಳವಳ್ಳಿ ತಾಲ್ಲೂಕಿನವನು. ಶಿವನಸಮುದ್ರದ ಪವರ್‌ಹೌಸ್ ಇರೋ ಜಾಗಕ್ಕೆ ನಮ್ಮ ಕಡೆ ಬ್ಲಫ್ ಅಂತಾರೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಕರ್ಕೊಂಡು ಹೋಗಿ ಮೇಲಿಂದ ತೋರಿಸಿದ್ರು. ಗುಡ್ಡದಿಂದ ಇಳಿಯೋ ದಪ್ಪ ದಪ್ಪ ಪೈಪು, ಕೆಳಗೆ ಪುಟ್ಟದಾಗಿ ಕಾಣೋ ಕಟ್ಟಡ. 1902ರಲ್ಲಿ ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸೋದು ಇಡೀ ಪ್ರಪಂಚದಲ್ಲೇ ದೊಡ್ಡ ಸಾಹಸ. ಅದರ ವಿದ್ಯುತ್ ಯಂತ್ರೋಪಕರಣ ಕೊಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದ್ರೆ ಜಿಇ. ಇವತ್ತಿಗೂ ಶಿವನಸಮುದ್ರ 42 ಮೆಗಾವಾಟ್ ಸಾಮರ್ಥ್ಯದ ಕೇಂದ್ರವಾಗಿ ಕೆಪಿಸಿಯ ಪಟ್ಟಿಯಲ್ಲಿದೆ. ಯಂತ್ರಗಳು ಬದಲಾಗಿವೆ, ಕೆಲಸ ಬದಲಾಗಿಲ್ಲ.

ಹೆಸರು ಮಾತ್ರ ಬ್ಲಫ್. ಅಲ್ಲಿ ಬ್ಲಫ್ ಏನೂ ಇರಲಿಲ್ಲ.

ಈಗ ಅದೇ ಜಿಇಯ ಇನ್ನೊಂದು ಕಥೆಗೆ ಬರ್ತೀನಿ. ಜಿಇಗೆ 2001ರಿಂದ ಸಿಇಓ ಆಗಿದ್ದವರು ಜೆಫ್ ಇಮ್ಮೆಲ್ಟ್. ತಮ್ಮ ಟರ್ಬೈನು, ವಿಮಾನದ ಎಂಜಿನ್ನು, ರೈಲು ಎಂಜಿನ್ನುಗಳಿಂದ ಬರೋ ಡೇಟಾವನ್ನು ಬೇರೆ ಯಾವುದೋ ಸಾಫ್ಟ್‌ವೇರ್ ಕಂಪನಿ ಬಂದು ಕಸ್ಕೊಂಡು ಹೋದ್ರೆ ಗತಿ ಏನು ಅಂತ ಅವರಿಗೆ ಚಿಂತೆ ಹತ್ತಿತು. 2011ರಲ್ಲಿ ಸಿಸ್ಕೋದಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದ ಬಿಲ್ ರೂ ಅವರನ್ನು ಕರೆತಂದರು. (ಹೆಸರನ್ನು ಕನ್ನಡದಲ್ಲಿ ಬರೆದರೆ ಕರೆಂಟ್ ಬಿಲ್ಲಿನ ಮೇಲಿನ ಅಕ್ಷರದ ಹಾಗೆ ಕಾಣುತ್ತೆ. ತಪ್ಪು ನನ್ನದಲ್ಲ.) ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ ಸಾಫ್ಟ್‌ವೇರ್ ಕೇಂದ್ರ ಎದ್ದಿತು. 100 ಕೋಟಿ ಡಾಲರ್ ಹಾಕ್ತೀವಿ ಅಂದರು.

ಅವರ ವಾದದಲ್ಲಿ ಹುರುಳಿರಲಿಲ್ಲ ಅಂತ ಹೇಳೋ ಹಾಗಿಲ್ಲ. 2012ರಲ್ಲಿ ಕಂಪನಿ 'ಇಂಡಸ್ಟ್ರಿಯಲ್ ಇಂಟರ್ನೆಟ್' ಅಂತ ಒಂದು ವರದಿ ತಂದಿತು. ಅದರ ತಿರುಳು ಬರೀ ಶೇಕಡಾ ಒಂದು. ಗ್ಯಾಸಿನಿಂದ ನಡೆಯೋ ವಿದ್ಯುತ್ ಸ್ಥಾವರಗಳಲ್ಲಿ ಇಂಧನ ಶೇ. 1ರಷ್ಟು ಉಳಿದರೆ 15 ವರ್ಷದಲ್ಲಿ 6,600 ಕೋಟಿ ಡಾಲರ್ ಉಳಿಯುತ್ತೆ ಅಂತ ಲೆಕ್ಕ. ಎಂಥವನಿಗೂ ಬಾಯಲ್ಲಿ ನೀರೂರಬೇಕು. 2013ರಲ್ಲಿ 'ಪ್ರೆಡಿಕ್ಸ್' ಅನ್ನೋ ಪ್ಲಾಟ್‌ಫಾರ್ಮ್ ಬಂತು. ಯಂತ್ರಗಳ ಸೆನ್ಸಾರ್‌ಗಳಿಂದ ಡೇಟಾ ತಗೊಂಡು, ಯಾವ ಭಾಗ ಯಾವಾಗ ಕೆಡುತ್ತೆ ಅಂತ ಮೊದಲೇ ಹೇಳೋದು ಅದರ ಕೆಲಸ. ಪ್ರತಿ ಯಂತ್ರಕ್ಕೂ ಕಂಪ್ಯೂಟರಿನೊಳಗೆ ಒಂದು ಅವಳಿ, ಅಂದ್ರೆ 'ಡಿಜಿಟಲ್ ಟ್ವಿನ್'. 2015ರಲ್ಲಿ 'ಜಿಇ ಡಿಜಿಟಲ್' ಅನ್ನೋ ಪ್ರತ್ಯೇಕ ವಿಭಾಗ ಹುಟ್ಟಿತು. ಬಿಲ್ ರೂ ಅದರ ಸಿಇಓ, ಜೊತೆಗೆ ಇಡೀ ಕಂಪನಿಯ ಚೀಫ್ ಡಿಜಿಟಲ್ ಆಫೀಸರ್. ಗುರಿ: 2020ರೊಳಗೆ ಪ್ರಪಂಚದ ಮೊದಲ ಹತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗಬೇಕು, ಸಾಫ್ಟ್‌ವೇರಿನಿಂದಲೇ 1,500 ಕೋಟಿ ಡಾಲರ್ ದುಡಿಯಬೇಕು.

ಆ ವರ್ಷ ಜಿಇ ಟಿವಿ ಜಾಹೀರಾತೊಂದನ್ನು ಮಾಡಿತ್ತು. ನಮ್ಮ ಪಿಜಿಯಲ್ಲಿ ಎಲ್ಲರೂ ಯೂಟ್ಯೂಬಲ್ಲಿ ನೋಡಿದ್ವಿ. ಓವನ್ ಅನ್ನೋ ಹುಡುಗನಿಗೆ ಜಿಇಯಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಿರುತ್ತೆ. ಅಪ್ಪ ಖುಷಿಯಿಂದ ಅಜ್ಜನ ಕಾಲದ ದೊಡ್ಡ ಸುತ್ತಿಗೆ ತಂದು ಮುಂದಿಡ್ತಾನೆ. ಹುಡುಗ ತಬ್ಬಿಬ್ಬು. ಇವನಿಗೆ ಇದನ್ನು ಎತ್ತೋಕೂ ಆಗಲ್ಲ ಅಂತ ಅಪ್ಪನಿಗೆ ಅನುಮಾನ. ನಾವು ಬಿದ್ದು ಬಿದ್ದು ನಕ್ಕಿದ್ವಿ. ಯಾಕಂದ್ರೆ ನಮ್ಮೆಲ್ಲರ ಮನೇಲೂ ಅಂಥದೊಂದು ಸುತ್ತಿಗೆ ಇತ್ತು. ಜಿಇಗೆ ವೈಟ್‌ಫೀಲ್ಡಿನಲ್ಲಿ 2000ದಲ್ಲೇ ಶುರುವಾದ ದೊಡ್ಡ ಸಂಶೋಧನಾ ಕೇಂದ್ರ ಇದೆ. ನನ್ನ ಬ್ಯಾಚಿನ ಎಷ್ಟೋ ಜನಕ್ಕೆ ಅಲ್ಲಿ ಸೇರಬೇಕು ಅನ್ನೋ ಆಸೆ. ಟರ್ಬೈನ್ ಮತ್ತು ಕೋಡ್ ಎರಡೂ ಒಂದೇ ಕಡೆ! ಮಂಡ್ಯದ ಹುಡುಗನಿಗೆ ಇನ್ನೇನು ಬೇಕು?

ಮುಂದೆ ಆಗಿದ್ದು ಇಷ್ಟು. ಪ್ರೆಡಿಕ್ಸ್‌ಗೆ ತಮ್ಮದೇ ಕ್ಲೌಡ್ ಕಟ್ತೀವಿ ಅಂತ ಹೊರಟರು. ಅಮೆಜಾನ್, ಮೈಕ್ರೋಸಾಫ್ಟ್ ಜೊತೆ ಆ ಓಟ ಓಡೋಕಾಗಲ್ಲ ಅಂತ ಗೊತ್ತಾಗಿ ಕೊನೆಗೆ ಅವರ ಕ್ಲೌಡ್ ಮೇಲೇ ಹತ್ತಿದರು. ಜಿಇ ಡಿಜಿಟಲ್‌ನ ಕೆಲಸದ ದೊಡ್ಡ ಪಾಲು ಜಿಇಯ ಬೇರೆ ವಿಭಾಗಗಳಿಗೇ ಹೋಗುತ್ತಿತ್ತು. ಮನೆಯವರೇ ಗಿರಾಕಿ. ಇದೇ ಹೊತ್ತಿಗೆ, 2015ರ ನವೆಂಬರಿನಲ್ಲಿ, ಜಿಇ ಸುಮಾರು 1,000 ಕೋಟಿ ಡಾಲರ್ ಕೊಟ್ಟು ಫ್ರಾನ್ಸಿನ ಆಲ್‌ಸ್ಟಾಮ್ ಕಂಪನಿಯ ವಿದ್ಯುತ್ ವ್ಯವಹಾರ ಕೊಂಡಿತು. ಕೊಂಡು ಎರಡು ವರ್ಷ ಆಗೋದ್ರೊಳಗೆ ದೊಡ್ಡ ಗ್ಯಾಸ್ ಟರ್ಬೈನುಗಳಿಗೆ ಬೇಡಿಕೆ ಕುಸಿಯಿತು. ಒಂದೊಂದು ಬ್ಲೇಡಿನ ಆಯುಸ್ಸನ್ನೂ ಮೊದಲೇ ಲೆಕ್ಕ ಹಾಕ್ತೀವಿ ಅಂದ ಕಂಪನಿಗೆ, ಆ ಬ್ಲೇಡ್ ಇರೋ ಟರ್ಬೈನ್ ಕೊಳ್ಳೋರು ಎಷ್ಟು ಜನ ಅಂತ ಲೆಕ್ಕ ಹಾಕೋಕಾಗಲಿಲ್ಲ.

2017ರಲ್ಲಿ ಇಮ್ಮೆಲ್ಟ್ ಹೋದರು. ಆ ಡಿಸೆಂಬರಿನಲ್ಲಿ ಜಿಇ ಪವರ್ ವಿಭಾಗ 12,000 ಜನರ ಕೆಲಸ ತೆಗೀತೀವಿ ಅಂದಿತು. ಅದರಲ್ಲಿ ಸುತ್ತಿಗೆ ಹಿಡಿದವರದ್ದೂ ಇತ್ತು, ಓವನ್‌ನ ಅಪ್ಪನಂಥವರದ್ದೂ. 2018ರ ಜೂನಿನಲ್ಲಿ ಡೌ ಜೋನ್ಸ್ ಸೂಚ್ಯಂಕದಿಂದ ಕಂಪನಿಯನ್ನು ತೆಗೆದರು. ಅಲ್ಲಿ ಅದು 1907ರಿಂದ ಬಿಡದೆ ಇತ್ತು. ಸೆಪ್ಟೆಂಬರಿನಲ್ಲಿ ಟೆಕ್ಸಾಸಿನಲ್ಲಿ ಅವರ ಅತ್ಯಾಧುನಿಕ ಟರ್ಬೈನಿನ ಬ್ಲೇಡಿನಲ್ಲಿ ಆಕ್ಸಿಡೇಶನ್ ಸಮಸ್ಯೆ ಕಂಡು, ಅಲ್ಲಿನ ನಾಲ್ಕು ಟರ್ಬೈನುಗಳನ್ನು ನಿಲ್ಲಿಸಬೇಕಾಯ್ತು. ಅದು ಲೋಹದ ಸಮಸ್ಯೆ. ಡ್ಯಾಶ್‌ಬೋರ್ಡ್ ಎಷ್ಟೇ ಚೆಂದ ಇದ್ದರೂ ಲೋಹ ಗಟ್ಟಿ ಆಗಲ್ಲ. ಅಕ್ಟೋಬರಿನಲ್ಲಿ ವಿದ್ಯುತ್ ವಿಭಾಗದ ಮೌಲ್ಯದಲ್ಲಿ 2,200 ಕೋಟಿ ಡಾಲರ್ ತೊಡೆದುಹಾಕಿದರು. ಡಿಸೆಂಬರಿನಲ್ಲಿ ಡಿಜಿಟಲ್ ವ್ಯವಹಾರವನ್ನು ಬೇರೆ ಕಂಪನಿ ಮಾಡ್ತೀವಿ ಅಂತ ಘೋಷಿಸಿದಾಗ ಅದರ ಸಾಫ್ಟ್‌ವೇರ್ ವರಮಾನ ವರ್ಷಕ್ಕೆ 120 ಕೋಟಿ ಡಾಲರ್ ಅಂದರು. 1,500 ಎಲ್ಲಿ, 120 ಎಲ್ಲಿ? ಅದೇ ಘೋಷಣೆಯ ಜೊತೆಗೆ ಬಿಲ್ ರೂ ಕೂಡ ಹೊರಟರು. ಮುಂದಿನ ವರ್ಷ ಲೆಂಡ್‌ಲೀಸ್ ಅನ್ನೋ ಕಟ್ಟಡ ಕಂಪನಿಯ ಡಿಜಿಟಲ್ ವಿಭಾಗದ ಸಿಇಓ ಆದರು.

ಕೊನೇ ಸಾಲನ್ನು ಮತ್ತೊಂದು ಸಲ ಓದಿ. ಅವರು ಮಾಡಿದ್ದು ಅಪರಾಧ ಅಂತ ನಾನು ಹೇಳ್ತಿಲ್ಲ. ಟರ್ಬೈನ್ ಮಾರುಕಟ್ಟೆ ಬಿದ್ದಿದ್ದು ಅವರ ತಪ್ಪಲ್ಲ, ಆಲ್‌ಸ್ಟಾಮ್ ಕೊಂಡಿದ್ದು ಅವರ ತೀರ್ಮಾನವಲ್ಲ. ಯಂತ್ರದ ಡೇಟಾಕ್ಕೆ ಬೆಲೆ ಇದೆ ಅಂತ ಅವರು ಹೇಳಿದ್ದು ಸರಿ ಅಂತ ಇವತ್ತು ಎಲ್ಲರೂ ಒಪ್ತಾರೆ. ಆ ಸಾಫ್ಟ್‌ವೇರಿನ ಉಳಿದ ಭಾಗ ಇವತ್ತು ಜಿಇ ವರ್ನೋವಾ ಒಳಗಿದ್ದು ಗ್ರಿಡ್ ನಡೆಸೋರಿಗೆ ಕೆಲಸಕ್ಕೆ ಬರ್ತಿದೆ. ಆದರೆ ಗಮನಿಸಿ. 'ಜಗತ್ತಿನ ಟಾಪ್ ಟೆನ್' ಅಂತ ಡಂಗುರ ಹೊಡೆದಾಗ ಎಷ್ಟು ಸಭೆ, ಎಷ್ಟು ಮುಖಪುಟ, ಎಷ್ಟು ಬಿಸಿನೆಸ್ ಸ್ಕೂಲ್ ಪಾಠ! ಗುರಿ ತಪ್ಪಿದಾಗ ಆ ಡಂಗುರ ಕೇಳಿ ಚಪ್ಪಾಳೆ ಹೊಡೆದವರಲ್ಲಿ ಯಾರೂ ತಿರುಗಿ ಬಂದು ಲೆಕ್ಕ ಕೇಳಲಿಲ್ಲ. ಲೆಕ್ಕ ಕೊಟ್ಟಿದ್ದು ಕೆಲಸ ಕಳಕೊಂಡ 12,000 ಜನ. ಇದು ಒಬ್ಬ ಮನುಷ್ಯನ ದೋಷಕ್ಕಿಂತ ದೊಡ್ಡದು. ಶುರು ಮಾಡಿದವನಿಗೆ ಹಾರ, ನಡೆಸಿಕೊಂಡು ಹೋಗುವವನಿಗೆ ಭಾರ ಅನ್ನೋ ಪದ್ಧತಿಯ ದೋಷ.

ಮತ್ತೆ ಈಗೇನಾಗಿದೆ ಗೊತ್ತಾ? 2024ರ ಏಪ್ರಿಲಿಗೆ ಜಿಇ ಪೂರ್ತಿ ಮೂರು ಹೋಳಾಯ್ತು. ವಿದ್ಯುತ್ತಿನ ಹೋಳೇ ವರ್ನೋವಾ. ಎಐ ಡೇಟಾ ಸೆಂಟರ್‌ಗಳ ಕರೆಂಟಿನ ಹಸಿವಿಗೆ ಅದರ ಗ್ಯಾಸ್ ಟರ್ಬೈನುಗಳಿಗೆ ಜನ ಸಾಲು ನಿಂತಿದ್ದಾರೆ. ಹಳೇ ಸುತ್ತಿಗೆ ಕೆಲಸಕ್ಕೇ ಮತ್ತೆ ಬೆಲೆ ಬಂತು.

"ಸರಿಯಪ್ಪ, ಬಿಸಿನೆಸ್ಸಲ್ಲಿ ಏಳುಬೀಳು ಇರುತ್ತೆ, ಅದಕ್ಕೇನೀಗ?" ಅನ್ನಬಹುದು. ಅದಕ್ಕೇ ಇನ್ನೊಂದು ಘಟನೆ ಹೇಳ್ತೀನಿ. ಬಿಲ್ ರೂ ಬರೋದಕ್ಕೆ ಎಂಟು ವರ್ಷ ಮೊದಲಿನದ್ದು, ಅವರಿಗೆ ಸಂಬಂಧವಿಲ್ಲ. ವಿದ್ಯುತ್ ಉದ್ಯಮದಲ್ಲಿ ಸಾಫ್ಟ್‌ವೇರ್ ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ.

2003ರ ಆಗಸ್ಟ್ 14. ಅಮೆರಿಕದ ಒಹಾಯೋ ರಾಜ್ಯದ ಏಕ್ರನ್‌ನಲ್ಲಿ ಫಸ್ಟ್‌ಎನರ್ಜಿ ಅನ್ನೋ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮ್. ಅಲ್ಲಿದ್ದದ್ದು ಜಿಇಯದೇ ಎಕ್ಸ್‌ಎ-21 ಅನ್ನೋ ಸಾಫ್ಟ್‌ವೇರ್. ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಅದರ ಅಲಾರಂ ಭಾಗ ಸ್ತಬ್ಧವಾಯ್ತು. ಎರಡು ಪ್ರೋಸೆಸ್‌ಗಳು ಒಂದೇ ಡೇಟಾಕ್ಕೆ ಒಟ್ಟಿಗೆ ಕೈ ಹಾಕಿದ ರೇಸ್ ಕಂಡೀಶನ್. ನಾವು ಇಂಟರ್‌ವ್ಯೂನಲ್ಲಿ ಉರು ಹೊಡೆದು ಹೇಳೋದು, ಅದೇ. ಅಲಾರಂ ಸತ್ತಿದೆ ಅನ್ನೋ ಅಲಾರಂ ಕೂಡ ಬರಲಿಲ್ಲ. ಸ್ಕ್ರೀನ್ ಶಾಂತವಾಗಿತ್ತು. ಆಪರೇಟರ್‌ಗಳು ಎಲ್ಲಾ ಸರಿಯಿದೆ ಅಂದುಕೊಂಡರು. 3 ಗಂಟೆ 5 ನಿಮಿಷಕ್ಕೆ 345 ಕಿಲೋವೋಲ್ಟಿನ ಲೈನೊಂದು ಜೋತು ಮರಕ್ಕೆ ತಾಗಿ ಟ್ರಿಪ್ ಆಯ್ತು. ಆಮೇಲೆ ಇನ್ನೊಂದು, ಮತ್ತೊಂದು. 4 ಗಂಟೆ ದಾಟೋ ಹೊತ್ತಿಗೆ ಅಮೆರಿಕದ ಎಂಟು ರಾಜ್ಯ, ಕೆನಡಾದ ಒಂಟಾರಿಯೋ, ಒಟ್ಟು 5 ಕೋಟಿ ಜನ ಕತ್ತಲಲ್ಲಿ. ನ್ಯೂಯಾರ್ಕಿನ ಸುರಂಗ ರೈಲುಗಳು ನಿಂತಲ್ಲೇ ನಿಂತವು.

ಎರಡೂ ದೇಶಗಳ ತನಿಖಾ ತಂಡ ನಾಲ್ಕು ಗುಂಪು ಕಾರಣ ಪಟ್ಟಿ ಮಾಡಿತು. ಅದರಲ್ಲಿ ಒಂದು ಏನು ಗೊತ್ತಾ? ಲೈನಿನ ಕೆಳಗಿನ ಮರಗಳನ್ನು ಸರಿಯಾಗಿ ಕಡಿದಿರಲಿಲ್ಲ ಅನ್ನೋದು.

ಇದನ್ನು ಓದಿದಾಗ ನನಗೆ ನಮ್ಮೂರಿನ ಲೈನ್‌ಮನ್ ನೆನಪಾದ. ಮುಂಗಾರಿಗೆ ಮುಂಚೆ ಏಣಿ, ಮಚ್ಚು ತಗೊಂಡು ಬರ್ತಿದ್ದ. ನಮ್ಮ ತೋಟದ ಬದುವಿನ ಹೊಂಗೆ ಮರದ ಕೊಂಬೆ ಕಡೀತಿದ್ದ. ಅಪ್ಪ ಪ್ರತಿವರ್ಷ ಜಗಳ ಆಡ್ತಿದ್ರು. "ನೆಳ್ಳಿಗೆ ಅಂತ ಬೆಳ್ಸಿದ್ ಮರ ಕಣ್ಲಾ ಅದು!" ಅಂತ. ಅವನು ಮೇಲಿಂದಲೇ "ಗಾಳಿ ಮಳೆಗೆ ತಂತಿ ಮೇಲ್ ಬಿದ್ರೆ ನಿಮ್ ಮೋಟ್ರಿಗೆ ಕರೆಂಟ್ ಎಲ್ಲಿಂದ ಬತ್ತದೆ ಗೌಡ್ರೆ?" ಅಂತಿದ್ದ. ಅವನ ಕೆರಿಯರ್ ಬಗ್ಗೆ ಯಾರೂ ಟಾಕ್ ಇಟ್ಟಿಲ್ಲ. 'ಮೂವತ್ತು ವರ್ಷ ಕೊಂಬೆ ಕಡಿಸಿ ಕತ್ತಲು ತಪ್ಪಿಸಿದೆ' ಅಂತ ಸ್ಲೈಡ್ ಮಾಡಿದರೆ ಸಮೋಸ ತಿನ್ನೋಕೂ ಜನ ಬರಲ್ಲ. ಆಗದೇ ಹೋದ ಅನಾಹುತಕ್ಕೆ ಫೋಟೋ ಇರಲ್ಲ.

ಇದೇ ವಿದ್ಯುತ್ ಉದ್ಯಮದ ಸ್ವಭಾವ. ಒಂದು ಟ್ರಾನ್ಸ್‌ಫಾರ್ಮರ್ ಮೂವತ್ತು ನಲವತ್ತು ವರ್ಷ ಬಾಳುತ್ತೆ. ಅದರ ಮೇಲೆ ಸಾಫ್ಟ್‌ವೇರ್ ಕೂರಿಸೋ ನಾಯಕ ಮೂರು ನಾಲ್ಕು ವರ್ಷ ಬಾಳ್ತಾನೆ. ಲಾಂಚ್ ಆಗೋವಾಗ ಅವನಿರ್ತಾನೆ, ಮಳೆಗಾಲ ಬಂದಾಗ ಬೇರೆ ಕಂಪನಿಯಲ್ಲಿರ್ತಾನೆ. ಫೋಟೋ ಆ್ಯಪ್ ಬಿದ್ದರೆ ನಾಳೆ ಎತ್ತಬಹುದು. 'ಬೇಗ ಸೋಲು, ಬೇಗ ಕಲಿ' ಅನ್ನೋ ಮಾತು ಅಲ್ಲಿಗೆ ಸರಿ. ಗ್ರಿಡ್ ಬೇಗ ಸೋತರೆ ಆಸ್ಪತ್ರೆಯಲ್ಲಿ ಜನರೇಟರ್ ಡೀಸೆಲ್ ಎಷ್ಟಿದೆ ಅಂತ ನೋಡಬೇಕಾಗುತ್ತೆ.

ಇಷ್ಟೊತ್ತು ದೂರದೋರ ಬಗ್ಗೆ ಮಾತಾಡಿದೆ. ಈಗ ನನ್ನ ಬುಡಕ್ಕೆ ಬರ್ತೀನಿ.

ಕೆಲವು ವರ್ಷದ ಹಿಂದೆ ನಾನಿದ್ದ ಕಂಪನಿ, ಹೆಸರು ಬೇಡ, ವಿದೇಶದ ಒಂದು ಥರ್ಮಲ್ ಸ್ಥಾವರಕ್ಕೆ ಇದೇ ಥರದ ಸಿಸ್ಟಮ್ ಮಾಡಿತು. ಪಂಪು, ಫ್ಯಾನು, ಮೋಟಾರುಗಳಿಗೆಲ್ಲ ಕಂಪನ ಅಳೆಯೋ ಸೆನ್ಸಾರ್. ಡೇಟಾ ಕ್ಲೌಡಿಗೆ. ಬೇರಿಂಗ್ ಹೋಗೋದಕ್ಕೆ ಮುಂಚೆ ಕೆಂಪು ದೀಪ. ನಾನು ಅಲರ್ಟ್ ಬರೆದವನು. ಗೋ-ಲೈವ್ ದಿನ ಕೇಕ್ ಕತ್ತರಿಸಿದ್ವಿ. ಅದನ್ನು ಮುನ್ನಡೆಸಿದ ನಾಯಕರ ಭಾಷಣ ವಿಡಿಯೋದಲ್ಲಿ ಬಂತು. ವರ್ಷ ತುಂಬೋದ್ರೊಳಗೆ ಅವರಿಗೆ ಬೇರೆ ಕಂಪನಿಯಲ್ಲಿ ಇನ್ನೂ ದೊಡ್ಡ ಹುದ್ದೆ.

ಅದಾದ ಮೇಲೆ ಒಂದು ರಾತ್ರಿ ಸಪೋರ್ಟ್ ಕಾಲ್‌ನಲ್ಲಿ ಆ ಸ್ಥಾವರದ ವಯಸ್ಸಾದ ಆಪರೇಟರ್ ಒಬ್ಬರು ಸಿಕ್ಕರು. ನಮ್ಮ ಸ್ಕ್ರೀನ್ ಹೇಗಿದೆ ಅಂತ ಕೇಳಿದೆ. ಅದನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೀವಿ ಅಂದರು. ಒಂದು ಶಿಫ್ಟಿನಲ್ಲಿ ನೂರಾರು ಅಲರ್ಟ್ ಬರುತ್ತೆ, ಯಾವುದನ್ನು ನಂಬೋದು? ಮತ್ತೆ ಬೇರಿಂಗ್ ಹೇಗೆ ಪತ್ತೆ ಮಾಡ್ತೀರಿ ಅಂದೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳ್ತೀನಿ ಅಂದರು. ನಾನು ಸುಮ್ಮನಾದೆ. ನಮ್ಮಪ್ಪ ರೇಷ್ಮೆ ಸೊಪ್ಪಿನ ತೋಟದ ಮೋಟಾರಿಗೆ ಮಾಡೋದೂ ಅದನ್ನೇ. ಹುಡುಗನಾಗಿದ್ದಾಗ ನನ್ನ ಕಿವಿಗೂ ಇಟ್ಟು ಕೇಳಿಸಿದ್ದಾರೆ. ಒಳ್ಳೇ ಬೇರಿಂಗ್ ಗುಯ್ ಅನ್ನುತ್ತೆ, ಕೆಡೋದು ಗರಗರ ಅನ್ನುತ್ತೆ.

ಅಂದ್ರೆ ನನಗೆ ಆ ವಿದ್ಯೆ ಗೊತ್ತಿತ್ತು. ಗೊತ್ತಿದ್ದೂ, ಆ ಸಿಸ್ಟಮ್ ಕಟ್ಟೋವಾಗ ಆ ಥರ ಕಿವಿ ಇಟ್ಟು ಕೇಳೋ ಒಬ್ಬನೇ ಒಬ್ಬನನ್ನೂ ನಾವು ಮಾತಾಡಿಸಿರಲಿಲ್ಲ. ಯಾರೂ ಮಾತಾಡಿಸಿ ಅನ್ನಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮೀಟಿಂಗಲ್ಲಿ 'ನಮ್ಮಪ್ಪ ಸ್ಕ್ರೂಡ್ರೈವರಲ್ಲಿ ಕೇಳ್ತಾರೆ' ಅಂದ್ರೆ ಹಳ್ಳಿ ಗುಗ್ಗು ಅಂದ್ಕೋತಾರೆ ಅನ್ನೋ ಭಯ ನನಗೆ. ಗೋ-ಲೈವ್ ಆಗಿ ಹದಿನಾಲ್ಕು ತಿಂಗಳಿಗೆ ಸಿಸ್ಟಮ್ ನಿಲ್ಲಿಸ್ತಿದೀವಿ ಅಂತ ಮೂರು ಸಾಲಿನ ಮೇಲ್ ಬಂತು. ಅದಕ್ಕೆ ಕೇಕ್ ಇರಲಿಲ್ಲ.

ಆದರೆ ನನ್ನ ರೆಸ್ಯೂಮೆಯಲ್ಲಿ ಒಂದು ಸಾಲು ಉಳಿಯಿತು. 'ಅನಿರೀಕ್ಷಿತ ಸ್ಥಗಿತವನ್ನು ಶೇಕಡಾ ಇಷ್ಟು ತಗ್ಗಿಸಿದೆ' ಅಂತ. ಎಷ್ಟು ಅಂತ ಇಲ್ಲಿ ಬರೆಯಲ್ಲ, ನಾಚಿಕೆಯಾಗುತ್ತೆ. ಆ ಅಂಕಿಯನ್ನು ಯಾರೂ ಅಳೆದಿರಲಿಲ್ಲ. ಅದು ಲಾಂಚ್ ಸ್ಲೈಡಿನ ಅಂದಾಜು. ಅದೇ ಸಾಲು ತೋರಿಸಿ ನಾನು ಮುಂದಿನ ಕೆಲಸ ಗಿಟ್ಟಿಸಿದೆ, ಸಂಬಳ ಏರಿಸಿಕೊಂಡೆ. ಹಾಗಾದ್ರೆ ಆ ಟಾಕ್ ಕೊಟ್ಟವರಿಗೂ ನನಗೂ ಇರೋ ವ್ಯತ್ಯಾಸ ಏನು? ಅವರ ಸ್ಲೈಡ್ ದೊಡ್ಡದು, ನನ್ನ ರೆಸ್ಯೂಮೆ ಚಿಕ್ಕದು. ಅಷ್ಟೇ.

ನೀವೂ ನಗಬೇಡಿ. ಎರಡು ವರ್ಷಕ್ಕೊಂದು ಸ್ವಿಚ್ ಹೊಡೆಯೋ ನಾವೆಲ್ಲ ಇದೇ ಮರದ ಚಿಕ್ಕ ಕೊಂಬೆಗಳು. ಪ್ರಾಜೆಕ್ಟಿಗೆ ಬೇಕೋ ಬೇಡವೋ, ರೆಸ್ಯೂಮೆಗೆ ಬೇಕು ಅಂತ ಹೊಸ ಟೂಲ್ ತುರುಕೋರು ನಾವು. ಪ್ರೊಡಕ್ಷನ್ ಸಪೋರ್ಟ್ ಅಂದ್ರೆ ಮೂಗು ಮುರಿಯೋರು ನಾವು. 'ಮೇಂಟೆನೆನ್ಸ್ ಪ್ರಾಜೆಕ್ಟಾ? ಅಯ್ಯೋ ಪಾಪ' ಅಂತ ಗೆಳೆಯನಿಗೆ ಸಮಾಧಾನ ಹೇಳೋರು ನಾವು. ಮೇಲಿರೋರು ಆಕಾಶದಿಂದ ಉದುರಿಲ್ಲ. ಇಪ್ಪತ್ತು ವರ್ಷ ಹಿಂದೆ ಅವರೂ ನಮ್ಮ ಥರಾನೇ ಇದ್ದರು.

ಇಲ್ಲೊಂದು ಎದುರುವಾದ ಬರುತ್ತೆ. ಬರಬೇಕು ಕೂಡ. "ಹಾಗಾದ್ರೆ ಯಾರೂ ದೊಡ್ಡ ಕನಸೇ ಕಾಣಬಾರದಾ? ಸ್ಕ್ರೂಡ್ರೈವರ್ ಹಿಡ್ಕೊಂಡೇ ಕೂರಬೇಕಾ?" ಖಂಡಿತ ಬೇಡ. ಅಪ್ಪನ ಕಿವಿ ಒಂದು ಮೋಟಾರಿಗೆ ಸರಿ, ಸಾವಿರ ಮೋಟಾರಿಗೆ ಸೆನ್ಸಾರೇ ಬೇಕು. ದೊಡ್ಡದಾಗಿ ಮಾಡಿ ಗೆದ್ದವರೂ ಇದೇ ಉದ್ಯಮದಲ್ಲಿದ್ದಾರೆ. ಇಟಲಿಯ ಎನೆಲ್ ಕಂಪನಿ ನೋಡಿ. 2000ದ ನಂತರದ ಐದಾರು ವರ್ಷಗಳಲ್ಲಿ ತನ್ನ ಮೂರು ಕೋಟಿಗೂ ಹೆಚ್ಚು ಗ್ರಾಹಕರ ಮನೆಯ ಹಳೇ ಮೀಟರ್ ತೆಗೆದು ಎಲೆಕ್ಟ್ರಾನಿಕ್ ಮೀಟರ್ ಹಾಕಿತು. ಟೆಲಿಜೆಸ್ತೋರೆ ಅಂತ ಅದರ ಹೆಸರು. ಐಫೋನ್ ಇನ್ನೂ ಹುಟ್ಟದ ಕಾಲ ಅದು. ಮೀಟರಿನ ಓದು ಕರೆಂಟಿನ ತಂತಿಯಲ್ಲೇ ಟ್ರಾನ್ಸ್‌ಫಾರ್ಮರ್ ಹತ್ತಿರದ ಪೆಟ್ಟಿಗೆಗೆ ಬಂದು, ಅಲ್ಲಿಂದ ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಹೋಗ್ತಿತ್ತು. ಖರ್ಚು ಸುಮಾರು 210 ಕೋಟಿ ಯೂರೋ. ವರ್ಷಕ್ಕೆ 50 ಕೋಟಿ ಯೂರೋ ಉಳಿತಾಯ ಆಗ್ತಿದೆ ಅಂತ ಕಂಪನಿ ಲೆಕ್ಕ ಕೊಟ್ಟಿತು. ಆ ಮೀಟರ್‌ಗಳು ಬಾಳಿಕೆ ಮುಗಿಸೋ ಹೊತ್ತಿಗೆ ಎರಡನೇ ತಲೆಮಾರಿನ ಮೀಟರ್ ಹಾಕೋ ಕೆಲಸ ಶುರುವಾಗಿತ್ತು.

ವ್ಯತ್ಯಾಸ ಎಲ್ಲಿದೆ? ಎನೆಲ್ 'ಜಗತ್ತಿನ ಟಾಪ್ ಟೆನ್ ಸಾಫ್ಟ್‌ವೇರ್ ಕಂಪನಿ ಆಗ್ತೀವಿ' ಅಂತ ಹೊರಟಿರಲಿಲ್ಲ. ಮೀಟರ್ ಓದೋಕೆ ಮನೆಮನೆಗೆ ಹೋಗೋ ಖರ್ಚು, ಕದಿಯೋ ಕರೆಂಟು, ಸಂಪರ್ಕ ಕೊಡೋಕೆ ಕಡಿಯೋಕೆ ಆಗೋ ತಡ, ಇವು ಕಣ್ಣೆದುರಿನ ತೊಂದರೆಗಳು. ಅವುಗಳಿಂದ ಶುರು ಮಾಡಿತು. ಪ್ಲಾಟ್‌ಫಾರ್ಮ್ ಮೊದಲು ಕಟ್ಟಿ ಆಮೇಲೆ ಅದಕ್ಕೆ ತೊಂದರೆ ಹುಡುಕಿಕೊಂಡು ಹೋಗಲಿಲ್ಲ. ಮದುವೆ ಛತ್ರ ಬುಕ್ ಮಾಡಿ ಆಮೇಲೆ ಹೆಣ್ಣು ಹುಡುಕಿದ ಹಾಗಾಗಬಾರದು ನೋಡಿ.

ಅದಕ್ಕೇ ಹೇಳೋದು. ಇನ್ನು ಮುಂದೆ ಯಾರಾದ್ರೂ ವಿದ್ಯುತ್ ಕ್ಷೇತ್ರದಲ್ಲಿ ಟ್ರಾನ್ಸ್‌ಫರ್ಮೇಶನ್ ಮುನ್ನಡೆಸಿದೆ ಅಂದ್ರೆ ಚಪ್ಪಾಳೆಗೆ ಮುಂಚೆ ಮೂರು ಪ್ರಶ್ನೆ ಕೇಳಿ. ನೀವು ಬಿಟ್ಟು ಹೋದ ಮೇಲೆ ಅದನ್ನು ಯಾರು ನಡೆಸಿದರು, ಇವತ್ತು ಅದು ಓಡ್ತಿದೆಯಾ? ಕಂಟ್ರೋಲ್ ರೂಮಿನಲ್ಲಿ ಕೂರೋನು ಅದನ್ನು ಬಳಸ್ತಿದ್ದನಾ, ಗೋಡೆಗೆ ತಿರುಗಿಸಿಟ್ಟಿದ್ದನಾ? ನೀವು ಹೇಳೋ ಉಳಿತಾಯದ ಅಂಕಿಯನ್ನು ಆಮೇಲೆ ಯಾರು ಅಳೆದರು? ಮೂರಕ್ಕೂ ಉತ್ತರ ಇದ್ದರೆ ಎದ್ದು ನಿಂತು ಚಪ್ಪಾಳೆ ಹೊಡೀರಿ, ನಾನೂ ಹೊಡೀತೀನಿ. ಸೋತೆ, ಇಂಥ ಕಾರಣಕ್ಕೆ ಸೋತೆ ಅಂದರೆ ಇನ್ನೂ ಜೋರಾಗಿ ಹೊಡೀತೀನಿ. ಆ ಸ್ಲೈಡ್ ನೋಡೋ ಭಾಗ್ಯ ನನಗಿನ್ನೂ ಸಿಕ್ಕಿಲ್ಲ.

ಈ ಪ್ರಶ್ನೆ ಕೇಳೋ ಹಕ್ಕು ನಮಗಿದೆ. ಯಾಕಂದ್ರೆ ಸೋತಾಗ ಬಿಲ್ಲು ಬರೋದು ನಮ್ಮ ಮನೆಗೇ. ವಿದ್ಯುತ್ ಕಂಪನಿ ಕೊಳ್ಳೋ ಸಾಫ್ಟ್‌ವೇರಿನ ಖರ್ಚು ಕಡೆಗೆ ಯೂನಿಟ್ಟಿನ ದರದಲ್ಲೋ ತೆರಿಗೆಯಲ್ಲೋ ಸೇರಿಕೊಳ್ಳುತ್ತೆ. ಇನ್ನೆಲ್ಲಿಗೆ ಹೋಗೋಕೆ ಸಾಧ್ಯ?

ಹೋದ ವಾರ ಊರಿಗೆ ಹೋಗಿದ್ದೆ. ತೋಟದಲ್ಲಿ ಸ್ಟಾರ್ಟರ್ ಡಬ್ಬದ ಹತ್ತಿರ ಅಪ್ಪ ಕರೆಂಟಿಗೆ ಕಾಯ್ತಾ ಕೂತಿದ್ರು. ಆ ಟಾಕಿನ ಕಥೆ ಹೇಳಿದೆ. ನಾನು ಮಾಡಿದ ಸಿಸ್ಟಮ್ಮಿನ ಕಥೆಯನ್ನೂ ಹೇಳಿದೆ. ಬೇರಿಂಗ್ ಸದ್ದನ್ನು ಕಂಪ್ಯೂಟರಲ್ಲಿ ಕೇಳೋದು ಅಂತ. ಅವರಿಗೆ ಅದು ಭಾರೀ ಇಷ್ಟ ಆಯ್ತು.

"ಒಳ್ಳೇ ಕೆಲ್ಸ ಕಣ್ಲಾ ಮಗ. ಈಗ್ಲೂ ಓಡ್ತಾ ಅದಾ?" ಅಂದ್ರು.

ನಾನು ಮೈಕಲ್ಲಿ ಕೇಳಿದ್ದೂ ಇದನ್ನೇ ಅಲ್ವಾ? "ಇಲ್ಲಪ್ಪ, ನಿಂತೋಯ್ತು" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು, ಅವರು ಎದ್ದು ಹೋಗಿ ಮೋಟಾರ್ ಹಾಕಿದರು. ಬೆಂಗಳೂರಿಗೆ ವಾಪಸ್ ಬಂದು ನಾನು ಮಾಡಿದ ಮೊದಲ ಕೆಲಸ ರೆಸ್ಯೂಮೆ ತೆಗೆದು ಆ ಸಾಲನ್ನು ಅಳಿಸಿದ್ದು. ಅದರ ಜಾಗದಲ್ಲಿ 'ಹದಿನಾಲ್ಕು ತಿಂಗಳು ನಡೆಯಿತು, ಆಪರೇಟರ್‌ಗಳನ್ನು ಕೇಳದೆ ಕಟ್ಟಿದ್ದರಿಂದ ನಿಂತಿತು' ಅಂತ ಬರೆದಿದ್ದೀನಿ. ಮುಂದಿನ ಇಂಟರ್‌ವ್ಯೂನಲ್ಲಿ ಏನಾಗುತ್ತೋ ನೋಡೋಣ.